ಸಲೀಸಾದ ನೀರು

ಮೂವತ್ತೊಂದು ವರ್ಷ ಅಸಾಹಿಕಾವಾ ನಗರದ
ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ
ಯಾರಯಾರದೋ ಮನೆಯ ನಲ್ಲಿನೀರು ಸೀಸೆಗೆ ತುಂಬಿ
ದೀಪಕ್ಕೆ ಹಿಡಿದು, ಬಣ್ಣ ಹಾಕಿ, ಎಣಿಸಿ,
'ಅಡ್ಡಿಯಿಲ್ಲ' ಎಂದು ಸಹಿ ಹಾಕಿದವಳು ನಾನು.
ನಿವೃತ್ತಿಯ ದಿನ ಅವರು ಕೊಟ್ಟದ್ದು ಗಡಿಯಾರ.
ಫಿಲ್ಟರ್ ನಾನೇ ಕೊಂಡೆ.

ಅಂಗೈಯುದ್ದದ ನೀಲಿ ಕೊಳವೆ. ಒಳಗೆ
ಶಾವಿಗೆಗಿಂತ ಸಣ್ಣ ಬಿಳಿ ಎಳೆಗಳ ಕಟ್ಟು,
ಒಂದೊಂದೂ ಟೊಳ್ಳು, ಒಂದೊಂದರ ಮೈತುಂಬ
ಕಣ್ಣಿಗೆ ಕಾಣದ ತೂತು.
ಚೀಲಕ್ಕೆ ತೊರೆನೀರು ಮೊಗೆದು, ಬಾಯಿಗೆ ಇದನ್ನು ತಿರುಪಿ
ಕೆಚ್ಚಲು ಹಿಂಡುವ ಹಾಗೆ ಹಿಂಡಬೇಕು.
ಮೊದಲು ತೊಟ್ಟು, ಆಮೇಲೆ ದಾರ.
ಲೀಟರಿಗೆ ಎರಡು ಮುಂಗೈ ನೋವು.

ಹೊಕ್ಕೈದೊ ದ್ವೀಪದಲ್ಲಿ ಇದು ಶೋಕಿಯಲ್ಲ.
ಬೆಟ್ಟದ ತುಂಬ ಕೆಂಪು ನರಿ,
ನರಿಯ ಹಿಕ್ಕೆಯಲ್ಲಿ ಹುಳದ ಮೊಟ್ಟೆ,
ಮಳೆ ತೊಳೆದರೆ ತೊರೆಗೆ, ತೊರೆಯಿಂದ ಲೋಟಕ್ಕೆ,
ಲೋಟದಿಂದ ಲಿವರಿಗೆ.
ಅಲ್ಲಿ ಅದು ಅವಸರ ಮಾಡುವುದಿಲ್ಲ.
ಹತ್ತು ವರ್ಷ, ಹದಿನೈದು ವರ್ಷ
ಬಾಡಿಗೆ ಕೊಡದೆ, ಸದ್ದು ಮಾಡದೆ
ಕೋಣೆಯ ಮೇಲೆ ಕೋಣೆ ಕಟ್ಟುತ್ತದೆ.
ನೀರು ಕುಡಿದಷ್ಟು ಸುಲಭ ಅನ್ನುತ್ತಾರಲ್ಲ,
ಅವರು ಯಾರೋ.

ಡಬ್ಬಿಯ ಮೇಲೆ ಕೆಂಪಕ್ಷರದ ಎಚ್ಚರಿಕೆ ಒಂದೇ:
ಹೆಪ್ಪುಗಟ್ಟಲು ಬಿಡಬೇಡಿ.
ಒಳಗುಳಿದ ತೇವ ಮಂಜುಗಡ್ಡೆಯಾದರೆ
ಎಳೆ ಸೀಳುತ್ತದೆ. ಸೀಳಿದ್ದು ಕಾಣುವುದಿಲ್ಲ.
ಅದಕ್ಕೇ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ
ಹೊಟ್ಟೆಗೆ ಅವುಚಿ ಮಲಗುತ್ತಿದ್ದೆ, ಬೆಕ್ಕಿನ ಮರಿಯ ಹಾಗೆ.
ಆದರೆ ತಣ್ಣಗಿನ ಮರಿ, ಆಗಾಗ ಸೋರುವ ಮರಿ.

ಸೆಪ್ಟೆಂಬರ್ ಮೂರನೆಯ ವಾರ, ದೈಸೆತ್ಸು ಬೆಟ್ಟ.
ಕೊನೆಯ ಲೋಟ ಹಿಂಡಿದವರು ಹಿರಾನುಮಾ.
ಗುಡಾರದಾಚೆ ಕಲ್ಲಿನ ಮೇಲಿಟ್ಟು, ನಕ್ಷತ್ರ ನೋಡುತ್ತ ನಿಂತು,
ಹಾಗೇ ಬಂದು ಮಲಗಿದರು. ನಾನೂ ಕೇಳಲಿಲ್ಲ.
ಬೆಳಗ್ಗೆ, ನೆಲಕ್ಕೆ ತೆವಳಿದ ಪೈನ್ ಪೊದೆಯ
ಸೂಜಿಸೂಜಿಗೂ ಬಿಳಿ ಕಟ್ಟಿತ್ತು.
ಬಂಡೆಸಂದಿಯಲ್ಲಿ ಪೀಕಾ ಒಮ್ಮೆ ಕೀಚೆಂದು ಸುಮ್ಮನಾಯಿತು.
ಕಂಕುಳಲ್ಲಿಟ್ಟು ಕಾಯಿಸಿದೆ. ಹಿಂಡಿದೆ.

ಬಂತು.
ಬೆರಳು ಊರುವ ಮೊದಲೇ ಬಂತು,
ಹೊಸದಿದ್ದಾಗಲೂ ಇಷ್ಟು ಸಲೀಸಾಗಿ ಬಂದಿರಲಿಲ್ಲ.
ತಿಳಿನೀರು. ವಾಸನೆಯಿಲ್ಲ.
ಹಳೆಯ ಚಾಳಿ, ಆಕಾಶಕ್ಕೆ ಹಿಡಿದು ನೋಡಿದೆ.
'ಅಡ್ಡಿಯಿಲ್ಲ' ಅನ್ನಲು ನಾಲಿಗೆ ಏಳಲಿಲ್ಲ.

ಗ್ಯಾಸು ಉಳಿದದ್ದು ಒಂದು ಲೋಟ ಕುದಿಸುವಷ್ಟು.
ಇಳಿಯಲು ಆರು ಗಂಟೆ.
ಹಿರಾನುಮಾ ಕುದಿಸಿದರು, ಒಂದು ಮಾತಿಲ್ಲದೆ
ಲೋಟ ನನ್ನತ್ತ ಸರಿಸಿದರು,
ನನ್ನ ಕೈಯಲ್ಲಿದ್ದದ್ದನ್ನು ಇಸಕೊಂಡರು.
"ಹತ್ತು ವರ್ಷ ಅಂದಿರಲ್ಲ, ನುಕಾದಾ ಸಾನ್?
ನನಗೀಗ ಎಪ್ಪತ್ತೆಂಟು.
ಬರಲಿ ಬಿಡಿ, ಬಂದಾಗ ಮನೆಯಲ್ಲಿ ಯಾರೂ ಇರುವುದಿಲ್ಲ."
ಗಟಗಟ ಕುಡಿದರು. ಗಂಟಲಮಣಿ ಏರಿಳಿಯುವುದನ್ನು
ನಾನು ಎಣಿಸಿದೆ. ಏಳು.

ತಡೆಯಬಹುದಿತ್ತು. ಕುದಿಸಿದ್ದನ್ನು
ಅರ್ಧರ್ಧ ಮಾಡಬಹುದಿತ್ತು.
ಬಿಸಿ ಲೋಟ ಬೆರಳಿಗೆ ಹಿತವಾಗಿತ್ತು.

ಕೆಳಗೆ ತೊರೆಯ ಬದಿಗೆ ನರಿಯೊಂದು ಬಂತು,
ಮುಂಗಾಲು ನೀರಿಗಿಟ್ಟು ನಮ್ಮನ್ನು ನೋಡಿತು,
ಆಮೇಲೆ ಅದಕ್ಕೂ ಬಾಯಾರಿತ್ತೆಂದು ಕಾಣುತ್ತದೆ.

ಈಗ ಪ್ರತಿ ಅಕ್ಟೋಬರಿನಲ್ಲಿ ರಕ್ತ ಪರೀಕ್ಷೆಗೆ
ಅವರನ್ನು ಎಳೆದುಕೊಂಡು ಹೋಗುತ್ತೇನೆ.
ಗೊಣಗುತ್ತ ತೋಳು ಮಡಚುತ್ತಾರೆ.
ವರದಿಯ ಲಕೋಟೆ ನನ್ನ ಕೈಗೇ ಕೊಡುತ್ತಾರೆ,
"ಸಹಿ ಹಾಕುವವರು ನೀವೇ ಅಲ್ಲವೆ?"

ಫಿಲ್ಟರ್ ಎಸೆದಿಲ್ಲ.
ಕೆಟ್ಟಿದೆಯೆಂದು ಹೇಳುವ ಉಪಾಯವೂ ಇಲ್ಲ, ಕೆಟ್ಟಿಲ್ಲವೆಂದೂ.
ಅಡುಗೆಮನೆಯ ಕಿಟಕಿಯ ಜೆರೇನಿಯಂ ಕುಂಡಕ್ಕೆ
ಅದರಿಂದಲೇ ಹಿಂಡುತ್ತೇನೆ, ಒಂದೇ ಕೈಯಲ್ಲಿ.
ಎಷ್ಟು ಸಲೀಸಾಗಿ ಬರುತ್ತದೆ.